ಕೊಸರಿನ ಆಸೆ ಮತ್ತು ದಿಗ್ವ್ರತ

ಶ್ರಾವಕನಾದವನು ಹಿಂಸೆ, ಅಸತ್ಯ, ಚೌರ್ಯ, ಅಬ್ರಹ್ಮ, ಪರಿಗ್ರಹಗಳೆಂಬ ಪಂಚಪಾಪಗಳನ್ನು ಸ್ಥೂಲರೂಪದಿಂದ ತ್ಯಜಿಸಿ ಅಣುವ್ರತಗಳನ್ನು ಧರಿಸುತ್ತಾನೆ. ಹೊಲದಲ್ಲಿ ಬಿತ್ತಿದ ಬೀಜಕ್ಕೆ ಬೇಲಿ ಹೇಗೆ ಅವಶ್ಯಕವೋ ಹಾಗೆ ಅಣುವ್ರತಗಳಿಗೆ ಗುಣವ್ರತಗಳು ಅವಶ್ಯಕ. ಬೇಲಿಯಿಲ್ಲದ ಹೊಲದಲ್ಲಿ ಬೆಳೆ ಬರುವುದಿಲ್ಲವೆಂದಲ್ಲ. ಬಂದ ಬೆಳೆ ಮನೆಗೆ ಸೇರುವುದಿಲ್ಲ. ಗುಣವ್ರತಗಳ ಪೈಕಿ ಮೊದಲನೆಯದು ದಿಗ್ವ್ರತ. ಇಂದಿನ ಗೃಹಸ್ಥರಲ್ಲಿ ಅತ್ಯಂತ ಕಡಿಮೆ ಮಂದಿ ಸ್ಮರಿಸುವ ವ್ರತವೂ ಇದೇ ಆಗಿದೆ.

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಒಂದು ಹೊಸ ಪ್ರಲೋಭನೆ ಪ್ರವೇಶಿಸಿದೆ. ಬ್ಯಾಂಕು ಕೊಡುವ ಕ್ರೆಡಿಟ್ ಕಾರ್ಡಿನಿಂದ ಸಾಮಾನು ಕೊಂಡರೆ ಪ್ರತಿ ಖರ್ಚಿಗೂ ಇಷ್ಟು ಪಾಯಿಂಟುಗಳೆಂದು ಲೆಕ್ಕಕ್ಕೆ ಜಮೆಯಾಗುತ್ತವೆ. ಅವನ್ನು ಕೂಡಿಟ್ಟು ವಿಮಾನದ ಟಿಕೇಟು ಪಡೆದು ಸಿಂಗಾಪುರಕ್ಕೋ, ಬ್ಯಾಂಕಾಕಿಗೋ, ಯೂರೋಪಿಗೋ ವಿಹಾರಕ್ಕೆ ಹೋಗಿಬರುವವರ ಸಂಖ್ಯೆ ಹೆಚ್ಚುತ್ತಿದೆ. “ಕೈಯಿಂದ ಕಾಸು ಬಿಚ್ಚದೆ ಹೋಗಿಬಂದೆವು” ಎಂಬ ಮಾತು ಬಸದಿಯ ಅಂಗಳದಲ್ಲಿಯೂ ಕೇಳಿಬರುತ್ತದೆ. ಇದರಲ್ಲಿ ದೋಷವಿದೆಯೇ? ಇದ್ದರೆ ಎಲ್ಲಿದೆ? ಎಲ್ಲವೂ ಪಾಪವೆಂದು ಗದರುವುದೂ ಎಲ್ಲವೂ ಕಾಲಧರ್ಮವೆಂದು ಬಿಟ್ಟುಬಿಡುವುದೂ ವಿಚಾರದ ಮಾರ್ಗವಲ್ಲ. ಆಗಮೋಕ್ತ ಕ್ರಮದಿಂದ ವಿವೇಚಿಸುವುದು ಉಚಿತ.

ದಿಗ್ವ್ರತದ ಸ್ವರೂಪ

ಪೂರ್ವಾದಿ ನಾಲ್ಕು ದಿಕ್ಕುಗಳು, ನಾಲ್ಕು ವಿದಿಕ್ಕುಗಳು, ಊರ್ಧ್ವ ಮತ್ತು ಅಧಃ ಎಂಬ ಹತ್ತು ದಿಕ್ಕುಗಳಲ್ಲಿ “ಇಲ್ಲಿಂದಾಚೆಗೆ ಹೋಗಲಾರೆ” ಎಂದು ಜೀವಾವಧಿ ಮರ್ಯಾದೆ ಮಾಡಿಕೊಳ್ಳುವುದು ದಿಗ್ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮರ್ಯಾದೆಗೆ ಸಮುದ್ರ, ನದಿ, ಅರಣ್ಯ, ಪರ್ವತ, ದೇಶ, ಯೋಜನಗಳಂತಹ ಪ್ರಸಿದ್ಧ ಗುರುತುಗಳನ್ನೇ ಇಟ್ಟುಕೊಳ್ಳಬೇಕೆಂದು ಉಪದೇಶಿಸಿದ್ದಾರೆ. ಗುರುತು ಅಸ್ಪಷ್ಟವಾದರೆ ಮನಸ್ಸು ಅದನ್ನು ತನಗೆ ಬೇಕಾದಂತೆ ಎಳೆದುಕೊಳ್ಳುತ್ತದೆ ಎಂಬುದನ್ನು ಅವರು ಬಲ್ಲರು.

ಈ ವ್ರತದ ಫಲ ವಿಶೇಷವಾದದ್ದು. ಮರ್ಯಾದೆಯ ಒಳಗೆ ಗೃಹಸ್ಥನು ಅಣುವ್ರತಿಯೇ. ಆದರೆ ಮರ್ಯಾದೆಯ ಹೊರಗೆ ಅವನಿಂದ ಸೂಕ್ಷ್ಮಪಾಪವೂ ನಡೆಯದಿರುವುದರಿಂದ, ಆ ಕ್ಷೇತ್ರವನ್ನು ಕುರಿತು ಅವನ ಅಣುವ್ರತಗಳು ಮಹಾವ್ರತಗಳಿಗೆ ಸಮಾನವಾಗುತ್ತವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ವ್ಯಾಪಾರಿಯೂ ಭೂಮಂಡಲದ ಬಹುಭಾಗದ ವಿಷಯದಲ್ಲಿ ಮುನಿಸದೃಶನಾಗಬಲ್ಲನೆಂದರೆ ಇದಕ್ಕಿಂತ ಸುಲಭವಾದ ಸಾಧನೆ ಯಾವುದಿದೆ?

ಹಾಗೆಂದು ಸಮುದ್ರಯಾನವೇ ನಿಷಿದ್ಧವೆಂದು ಯಾರೂ ಭಾವಿಸಬೇಕಾಗಿಲ್ಲ. ಬ್ಯಾರಿಸ್ಟರ್ ಚಂಪತ್ ರಾಯ್ ಜೈನರು ಇಂಗ್ಲೆಂಡಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತರು. ಮುಂದೆ ಧರ್ಮಪ್ರಚಾರಕ್ಕಾಗಿಯೇ ಯೂರೋಪಿಗೆ ಹೋದರು. ಮರ್ಯಾದೆಯನ್ನು ಎಷ್ಟು ದೂರಕ್ಕೆ ಇಡಬೇಕೆಂಬುದು ಅವರವರ ವೃತ್ತಿ, ಶಕ್ತಿ, ಪ್ರಯೋಜನಗಳಿಗೆ ಸೇರಿದ ವಿಷಯ. ಇಟ್ಟ ಮೇಲೆ ಅದನ್ನು ಅಲುಗಿಸದಿರುವುದು ವ್ರತ.

ಕೊಸರು ಎಲ್ಲಿಂದ ಬರುತ್ತದೆ?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಕೊಂಡವರಿಗೆ ಕೊಸರು ಎಂದರೇನೆಂದು ವಿವರಿಸಬೇಕಾಗಿಲ್ಲ. ತೂಕ ಮುಗಿದ ಮೇಲೆ ವ್ಯಾಪಾರಿ ಎರಡೆಳೆ ಕರಿಬೇವನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಚೀಲಕ್ಕೆ ಎಸೆಯುತ್ತಾನೆ. ಅದು ಅವನು ಮನಸಾರೆ ಕೊಟ್ಟದ್ದು; ಅದತ್ತವಲ್ಲ. ಅದನ್ನು ಸ್ವೀಕರಿಸಿದವನಿಗೆ ಚೌರ್ಯದೋಷವಿಲ್ಲ. ಕಾರ್ಡಿನ ಪಾಯಿಂಟು ಮೂಲತಃ ಇಂತಹ ಕೊಸರೇ. ಆದರೆ ಕರಿಬೇವಿನ ಕೊಸರಿಗಾಗಿ ಯಾರೂ ಬೇಡದ ಕುಂಬಳಕಾಯಿಯನ್ನು ಕೊಳ್ಳುವುದಿಲ್ಲ. ಪಾಯಿಂಟಿನ ಕೊಸರಿಗಾಗಿ ಕೊಳ್ಳುತ್ತಾರೆ. ವ್ಯತ್ಯಾಸವಿರುವುದು ಇಲ್ಲಿ.

ಕಾರ್ಡಿನ ಚರಿತ್ರೆ ಬಹಳ ಹಳೆಯದಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಆರಂಭವಾಯಿತು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕಾರ್ಡನ್ನು ತಂದಿತು. ಇಂದು ಕಾರ್ಡಿನ ಬಿಲ್ಲನ್ನು ತೀರಿಸಿದ್ದಕ್ಕೂ ಬಹುಮಾನ ಕೊಡುವ ಸಂಸ್ಥೆಗಳಿವೆ. 2018ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ, ಇಂದಿರಾನಗರದಲ್ಲಿ ಕಚೇರಿಯುಳ್ಳ ಕ್ರೆಡ್ ಅಂತಹುದೊಂದು. ಸಾಲವನ್ನು ಸಕಾಲಕ್ಕೆ ತೀರಿಸುವುದು ಹಿಂದೆ ಮರ್ಯಾದೆಯ ಮಾತಾಗಿತ್ತು. ಈಗ ಅದಕ್ಕೂ ಕೊಸರು ಹುಟ್ಟಿದೆ.

ಈ ಕೊಸರನ್ನು ಬ್ಯಾಂಕು ತನ್ನ ಬೊಕ್ಕಸದಿಂದ ಕೊಡುತ್ತದೆಯೇ? ಇಲ್ಲ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ನೂರು ರೂಪಾಯಿಗೆ ಕಾರ್ಡು ಉಜ್ಜಿದರೆ ವ್ಯಾಪಾರಿಗೆ ನೂರು ರೂಪಾಯಿ ಸೇರುವುದಿಲ್ಲ. ಸುಮಾರು ಎರಡು ರೂಪಾಯಿ ಶುಲ್ಕವಾಗಿ ಹಿಡಿಯಲ್ಪಡುತ್ತದೆ. ಅದರಲ್ಲಿ ಕಾರ್ಡು ಕೊಟ್ಟ ಬ್ಯಾಂಕಿಗೆ ಹೆಚ್ಚಿನ ಪಾಲು. ಆ ಪಾಲಿನ ಒಂದಂಶವೇ ಪಾಯಿಂಟು. ವ್ಯಾಪಾರಿ ಆ ಎರಡು ರೂಪಾಯಿಯನ್ನು ಬೆಲೆಯಲ್ಲಿ ಸೇರಿಸಿದರೆ ನಗದು ಕೊಟ್ಟು ಕೊಳ್ಳುವ ಬಡವನೂ ಅದನ್ನು ತೆರುತ್ತಾನೆ.

ಎರಡನೆಯ ಮೂಲ ಬಡ್ಡಿ. ಬಿಲ್ಲಿನ ಪೂರ್ಣ ಮೊತ್ತವನ್ನು ತೀರಿಸದೆ “ಕನಿಷ್ಠ ಮೊತ್ತ” ಎಂದು ತೋರಿಸಿದಷ್ಟನ್ನೇ ಕಟ್ಟಿದವನಿಗೆ ತಿಂಗಳಿಗೆ ಶೇಕಡಾ ಮೂರೂವರೆಯಷ್ಟು ಬಡ್ಡಿ ಬೀಳಬಹುದು. ಒಂದು ಲಕ್ಷ ರೂಪಾಯಿ ಉಳಿದರೆ ಒಂದು ತಿಂಗಳಿಗೆ 3,500 ರೂಪಾಯಿ, ಅದರ ಮೇಲೆ ಶೇಕಡಾ 18ರ ತೆರಿಗೆ 630 ರೂಪಾಯಿ, ಒಟ್ಟು 4,130. ಆ ಒಂದು ಲಕ್ಷದ ಖರ್ಚಿಗೆ ಶೇಕಡಾ ಒಂದರಂತೆ ಬಂದ ಪಾಯಿಂಟಿನ ಬೆಲೆ ಸಾವಿರ ರೂಪಾಯಿ. ಒಂದೇ ತಿಂಗಳ ಅಜಾಗರೂಕತೆ ನಾಲ್ಕು ಪಟ್ಟು ಕೊಸರನ್ನು ನುಂಗಿತು! ಇಂತಹ ಸಾಲದಲ್ಲಿ ಸಿಕ್ಕಿ ನರಳುವವರ ಬಡ್ಡಿಯೂ ಬ್ಯಾಂಕಿನ ಲಾಭದಲ್ಲಿ ಸೇರಿದೆ. “ಯಾರ ಕಾಸೂ ಖರ್ಚಾಗಲಿಲ್ಲ” ಎಂಬ ಮಾತು ಆದ್ದರಿಂದ ಪೂರ್ಣಸತ್ಯವಲ್ಲ. ದಯಾಮೂಲವಾದ ಧರ್ಮವನ್ನು ಆಶ್ರಯಿಸಿದವನು ತನ್ನ ವಿಹಾರದ ಹಿಂದೆ ಯಾರ ದುಡಿಮೆಯಿದೆ, ಯಾರ ಸಂಕಟವಿದೆ ಎಂದು ಒಂದು ಕ್ಷಣವಾದರೂ ಚಿಂತಿಸಬೇಕು.

ಟಿಕೇಟಿನ ಲೆಕ್ಕವನ್ನೂ ನೋಡಬಹುದು. 50,000 ರೂಪಾಯಿ ಬೆಲೆಯ ಪ್ರಯಾಣಕ್ಕೆ ಶೇಕಡಾ ಒಂದರ ಕೊಸರಿನಲ್ಲಿ 50 ಲಕ್ಷ ರೂಪಾಯಿ ಖರ್ಚಾಗಬೇಕು. ಶೇಕಡಾ ಎರಡಾದರೂ 25 ಲಕ್ಷ. ಪಾಯಿಂಟಿನ ಟಿಕೇಟಿಗೂ ವಿಮಾನ ನಿಲ್ದಾಣದ ಶುಲ್ಕ, ತೆರಿಗೆಗಳನ್ನು ಹಣವಾಗಿಯೇ ಕೊಡಬೇಕು. ವಿದೇಶದಲ್ಲಿ ಅದೇ ಕಾರ್ಡು ಉಜ್ಜಿದರೆ ನಾಣ್ಯ ಬದಲಾವಣೆಗೆಂದು ಅನೇಕ ಬ್ಯಾಂಕುಗಳು ಶೇಕಡಾ ಎರಡರಿಂದ ಮೂರೂವರೆಯಷ್ಟು ಹಿಡಿಯುತ್ತವೆ. ಅವಶ್ಯಕವಾದ ಖರ್ಚಿನಿಂದಲೇ ಇಷ್ಟು ಕೂಡಿದರೆ ಆಕ್ಷೇಪವಿಲ್ಲ. ಕೂಡದಿದ್ದಾಗ ಮನಸ್ಸು ಅಡ್ಡದಾರಿಯನ್ನು ಹುಡುಕುತ್ತದೆ.

ಒಂದು ದೃಷ್ಟಾಂತ

ದೃಷ್ಟಾಂತಕ್ಕಾಗಿ ಶಿವಾಜಿನಗರದ ಒಂದು ಕುಟುಂಬವನ್ನು ಭಾವಿಸಿಕೊಳ್ಳಬಹುದು. ಹಾಸನ ಸೀಮೆಯಿಂದ ಬಂದು ನೆಲೆಸಿದ ಮನೆತನ. ತಂದೆಗೆ ಮಾರುಕಟ್ಟೆಯ ಹತ್ತಿರ ಪಾತ್ರೆಯ ಅಂಗಡಿ. 2018ರ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಶ್ರವಣಬೆಳಗೊಳದಲ್ಲಿ ಮುನಿಗಳ ಸನ್ನಿಧಿಯಲ್ಲಿ ಆತ ದಿಗ್ವ್ರತವನ್ನು ಸ್ವೀಕರಿಸಿದ್ದ. ಪೂರ್ವಕ್ಕೆ ಸಮ್ಮೇದಶಿಖರ್ಜಿ, ಪಶ್ಚಿಮಕ್ಕೆ ಗಿರನಾರ್, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಕನ್ಯಾಕುಮಾರಿ ಅವನ ಮರ್ಯಾದೆ. ತೀರ್ಥಗಳನ್ನೇ ಗುರುತಾಗಿಟ್ಟುಕೊಂಡರೆ ಮರೆಯುವ ಭಯವಿಲ್ಲವೆಂದು ಆತ ಹಾಗೆ ಮಾಡಿದ್ದ. ತಾಯಿ ಅನಂತವ್ರತವನ್ನು ಹಿಡಿದು ಅದು ಹದಿಮೂರನೆಯ ವರ್ಷ. ಹದಿನಾಲ್ಕು ತುಂಬಿದರೆ ಉದ್ಯಾಪನೆ.

ಮಗನಿಗೆ ಕಂಪೆನಿಯೊಂದರಲ್ಲಿ ಉದ್ಯೋಗ. ಅವನೂ ಸೊಸೆಯೂ ಮೂರು ವರ್ಷ ಪಾಯಿಂಟುಗಳನ್ನು ಕೂಡಿಹಾಕಿದರು. ತಂದೆತಾಯಿಗಳನ್ನು ಸಿಂಗಾಪುರಕ್ಕೆ ಕರೆದೊಯ್ಯಬೇಕೆಂಬುದು ಅವರ ಗುಪ್ತ ಸಂಕಲ್ಪ. ಉದ್ದೇಶದಲ್ಲಿ ಪ್ರೀತಿಯಿತ್ತು, ಅದನ್ನು ಹಳಿಯಬಾರದು. ಮೂರು ಟಿಕೇಟಿಗೆ ಸಾಕಾಗುವಷ್ಟು ಪಾಯಿಂಟು ಕೂಡಿತು; ನಾಲ್ಕನೆಯದಕ್ಕೆ ಕಡಿಮೆಯಾಯಿತು. ವರ್ಷ ಮುಗಿಯುವುದರೊಳಗೆ ಇನ್ನು 80,000 ರೂಪಾಯಿ ಖರ್ಚಾದರೆ ಬ್ಯಾಂಕು ವಿಶೇಷ ಪಾಯಿಂಟುಗಳನ್ನು ಕೊಡುವುದಿತ್ತು. ಮಗ ಒಂದು ಸಂಜೆ ಅಂಗಡಿಗೆ ಬಂದ.

“ಅಪ್ಪಾಜಿ, ನಿಮ್ಮ ಯಂತ್ರದಲ್ಲಿ ನನ್ನ ಕಾರ್ಡು ಉಜ್ಜಿ ಎಂಬತ್ತು ಸಾವಿರಕ್ಕೆ ಬಿಲ್ಲು ಮಾಡಿಕೊಡಿ. ಹಣ ನಿಮ್ಮ ಖಾತೆಗೆ ಬಂದ ಮೇಲೆ ನನಗೆ ಹಿಂದಿರುಗಿಸಿದರಾಯಿತು. ಶುಲ್ಕ ಹೋದದ್ದನ್ನು ನಾನೇ ಕೊಡುತ್ತೇನೆ.”

ತಂದೆ ಕೇಳಿದ: “ಯಾವ ಪಾತ್ರೆಗೆ ಬಿಲ್ಲು ಬರೆಯಲಪ್ಪಾ?”

“ಯಾವುದಾದರೂ ಬರೆಯಿರಿ. ಯಾರಿಗೂ ನಷ್ಟವಿಲ್ಲವಲ್ಲ.”

“ಮಾರದ ಪಾತ್ರೆಗೆ ಬಿಲ್ಲು ಬರೆದರೆ ಪಾತ್ರೆ ಅಂಗಡಿಯಲ್ಲೇ ಇರುತ್ತದೆ, ಸುಳ್ಳು ಪುಸ್ತಕದಲ್ಲಿ ಇರುತ್ತದೆ. ನಾಳೆ ನಿನ್ನ ಮಗ ಈ ಪುಸ್ತಕ ನೋಡಿದರೆ ಯಾವುದನ್ನು ನಂಬಬೇಕು? ಇಷ್ಟು ಅವಸರ ಏತಕ್ಕೆ?”

ಆಗ ಮಗ ಸಂಕಲ್ಪವನ್ನು ಬಿಚ್ಚಿ ಹೇಳಿದ. ನಾಲ್ಕನೆಯ ಟಿಕೇಟು ತಂದೆಯದೇ ಎಂದೂ ಹೇಳಿದ. ತಂದೆ ಬಹಳ ಹೊತ್ತು ಮೌನವಾಗಿದ್ದು, “ನನಗೆ ದಿಗ್ವ್ರತವಿದೆ ಮಗೂ. ಶಿಖರ್ಜಿಯಿಂದ ಪೂರ್ವಕ್ಕೆ ನಾನು ಬರಲಾರೆ. ನೀನು ತರಬೇಕೆಂದಿದ್ದ ಟಿಕೇಟು ನನಗೆ ಬೇಕಾದದ್ದೇ ಅಲ್ಲ” ಎಂದ.

ಒಂದು ಅಸತ್ಯವನ್ನು ಬರೆಯಲು ಮನೆಯವರು ಸಿದ್ಧರಾಗಿದ್ದುದು ಯಾರಿಗೂ ಬೇಡದ ವಸ್ತುವಿಗಾಗಿ! ಲೋಭದ ಸ್ವಭಾವವೇ ಇದು. ಅದು ವಸ್ತುವಿನ ಅಗತ್ಯವನ್ನು ಕೇಳುವುದಿಲ್ಲ. ಲೆಕ್ಕ ತುಂಬಲಿಲ್ಲವೆಂಬುದನ್ನೇ ಕೊರತೆಯೆಂದು ತೋರಿಸುತ್ತದೆ.

ಮಗನಿಗೆ ಮತ್ತೊಂದು ತೊಡಕು ಕಾಣಿಸಿತು. ಪಾಯಿಂಟಿಗೆ ಸುಲಭವಾಗಿ ದೊರೆಯುತ್ತಿದ್ದ ಟಿಕೇಟುಗಳು ಭಾದ್ರಪದದಲ್ಲಿದ್ದವು. ದಶಲಕ್ಷಣ ಪರ್ವದ ದಿನಗಳಲ್ಲಿ. ಅನಂತ ಚತುರ್ದಶಿಯಂದು ತಾಯಿ ವಿಮಾನದಲ್ಲಿರಬೇಕಾಗುತ್ತಿತ್ತು. “ಒಂದು ವರ್ಷ ತಪ್ಪಿದರೆ ಮುಂದೆ ಸೇರಿಸಿಕೊಳ್ಳಬಹುದಲ್ಲಮ್ಮ” ಎಂದು ಸೊಸೆ ಮೆಲ್ಲಗೆ ಕೇಳಿದಳು. ಅತ್ತೆ ಹೇಳಿದಳು: “ಹನ್ನೆರಡು ವರ್ಷ ಮಳೆ ಬಂತು, ಜ್ವರ ಬಂತು, ನಿನ್ನ ಬಾಣಂತನ ಬಂತು, ಯಾವುದಕ್ಕೂ ಬಿಡಲಿಲ್ಲ ತಾಯಿ. ಈಗ ಪುಕ್ಕಟೆ ಸಿಕ್ಕಿತೆಂದು ಬಿಡಲೇ? ಸಮುದ್ರದಾಚೆಯ ಊರನ್ನು ನೋಡಬೇಕೆಂದು ನನಗೂ ಆಸೆಯಿದೆ. ಪಾರಣೆಯಾದ ಮೇಲೆ ಕರೆದುಕೊಂಡು ಹೋಗಿ.”

ಹಾಗೆಯೇ ಆಯಿತು. ಆಶ್ವಯುಜದಲ್ಲಿ ಮೂವರು ಹೋಗಿಬಂದರು. ಟಿಕೇಟಿಗೆ ಹೆಚ್ಚು ಬೇಕಾದದ್ದನ್ನು ಮಗ ಸಂಬಳದ ಹಣದಿಂದ ಕೊಟ್ಟ. ತಾಯಿಗೆ ದಿಗ್ವ್ರತವಿರಲಿಲ್ಲ, ಆಕೆ ಹೋದುದರಲ್ಲಿ ವ್ರತಭಂಗವಿಲ್ಲ. ತಂದೆ ಅಂಗಡಿಯಲ್ಲಿದ್ದು ತನ್ನ ಮರ್ಯಾದೆಯನ್ನು ಕಾಪಾಡಿಕೊಂಡ; ಇನ್ನೊಬ್ಬರ ಸಂತೋಷಕ್ಕೆ ತನ್ನ ವ್ರತವನ್ನು ಅಡ್ಡವಿಡಲಿಲ್ಲ. ಇಬ್ಬರೂ ಧರ್ಮದಲ್ಲಿಯೇ ಇದ್ದರು.

ಅತಿಚಾರಗಳ ಪರಿಶೀಲನೆ

ವ್ರತವು ಒಮ್ಮೆಗೇ ಮುರಿಯುವುದು ಅಪರೂಪ. ಮೊದಲು ಅತಿಚಾರವೆಂಬ ಬಿರುಕು ಬಿಡುತ್ತದೆ. ಮೇಲಿನ ದೃಷ್ಟಾಂತದಲ್ಲಿ ಎಷ್ಟು ಬಿರುಕುಗಳು ಹೊಂಚುಹಾಕಿದ್ದವೆಂಬುದನ್ನು ಕ್ರಮವಾಗಿ ನೋಡಬೇಕು.

ಮೊದಲನೆಯದು ಸತ್ಯಾಣುವ್ರತಕ್ಕೆ ಸಂಬಂಧಿಸಿದ ಕೂಟಲೇಖಕ್ರಿಯೆ. ನಡೆಯದ ವ್ಯವಹಾರವನ್ನು ನಡೆಯಿತೆಂದು ಬರೆಯುವುದು ಕೂಟಲೇಖ. ಮಾರದ ಸರಕಿಗೆ ಬಿಲ್ಲು, ಇಲ್ಲದ ಬಾಡಿಗೆಗೆ ಕರಾರುಪತ್ರ ಎರಡೂ ಇದೇ ಜಾತಿ. ಬಂಧುಗಳ ಹೆಸರಿಗೆ ಸುಳ್ಳು ಬಾಡಿಗೆ ಕಟ್ಟಿ ಪಾಯಿಂಟು ಗಳಿಸುವ ಅಭ್ಯಾಸವೂ ಹರಡಿತ್ತು. 2022ರಿಂದೀಚೆಗೆ ಅನೇಕ ಬ್ಯಾಂಕುಗಳು ಬಾಡಿಗೆ ಪಾವತಿಗೆ ಪ್ರತ್ಯೇಕ ಶುಲ್ಕ ವಿಧಿಸತೊಡಗಿದವು. ಬ್ಯಾಂಕು ಶುಲ್ಕ ಹಾಕಿದ್ದರಿಂದ ಅದು ತಪ್ಪಾದದ್ದಲ್ಲ. ಶುಲ್ಕವಿಲ್ಲದಾಗಲೂ ಅದು ಕೂಟಲೇಖವೇ ಆಗಿತ್ತು.

ಎರಡನೆಯದು ಅನರ್ಥದಂಡವ್ರತದ ಅತಿಚಾರವಾದ ಉಪಭೋಗ-ಪರಿಭೋಗ ಆನರ್ಥಕ್ಯ. ಎಂದರೆ ಪ್ರಯೋಜನಕ್ಕಿಂತ ಅಧಿಕವಾಗಿ ಭೋಗಸಾಮಗ್ರಿಯನ್ನು ಸಂಗ್ರಹಿಸುವುದು. ಪಾಯಿಂಟು ಬರುತ್ತದೆಂದು ಕೊಂಡ ಎರಡನೆಯ ಕೈಗಡಿಯಾರ, ಪೆಟ್ಟಿಗೆಯನ್ನೇ ಬಿಚ್ಚದ ಅಡಿಗೆಯ ಯಂತ್ರ ಇದಕ್ಕೆ ಸಾಕ್ಷಿ. ಒಂದೊಂದು ವಸ್ತುವಿನ ತಯಾರಿಕೆಯಲ್ಲಿಯೂ ಆರಂಭಹಿಂಸೆಯಿದೆ. ಬೇಕಾದ ವಸ್ತುವಿಗೆ ಆ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಬೇಡದ ವಸ್ತುವಿಗೆ ಅದು ನಿಷ್ಪ್ರಯೋಜಕ ದಂಡ.

ಮೂರನೆಯದು ಪರಿಗ್ರಹಪರಿಮಾಣದ ವಿಷಯ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮಮತ್ವರೂಪವಾದ ಮೂರ್ಛೆಯನ್ನೇ ಪರಿಗ್ರಹವೆಂದು ಗುರುತಿಸುತ್ತಾರೆ. ಪಾಯಿಂಟು ಪೆಟ್ಟಿಗೆಯಲ್ಲಿಲ್ಲ, ಒಡವೆಯಲ್ಲಿಲ್ಲ, ಹೊಲಮನೆಗಳ ಪಟ್ಟಿಯಲ್ಲಿಲ್ಲ. ಆದರೂ ರಾತ್ರಿ ಮಲಗುವ ಮೊದಲು ಅದೆಷ್ಟಾಯಿತೆಂದು ನೋಡುವವನಿಗೆ ಅದು ಪರಿಗ್ರಹವೇ. ಸಮಂತಭದ್ರಾಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಲಾಭವನ್ನು ಕಂಡು ಬೆರಗಾಗಿ ಮನಸ್ಸು ಕೆಡಿಸಿಕೊಳ್ಳುವುದು ವಿಸ್ಮಯ. ನೆರೆಮನೆಯವರು ಪಾಯಿಂಟಿನಿಂದ ಪ್ಯಾರಿಸಿಗೆ ಹೋದರೆಂದು ಕೇಳಿ ನಿದ್ರೆಗೆಟ್ಟವರು ಆಚಾರ್ಯರ ಸೂಕ್ಷ್ಮದೃಷ್ಟಿಯನ್ನು ನೆನೆಯಬೇಕು.

ಕಾರ್ಡಿಗೂ ಒಂದು ಪರಿಮಾಣವುಂಟು. ಇಷ್ಟು ಲಕ್ಷದವರೆಗೆ ಖರ್ಚು ಮಾಡಬಹುದೆಂಬ ಮಿತಿ. ಆದರೆ ಆ ಮಿತಿಯನ್ನು ಇಟ್ಟವನು ಬ್ಯಾಂಕಿನವನು, ವ್ರತದ ಮಿತಿಯನ್ನು ಇಟ್ಟುಕೊಂಡವನು ಶ್ರಾವಕ. ಮೊದಲನೆಯದು ಬೆಳೆಯಲೆಂದು ಇಟ್ಟದ್ದು. ಎರಡನೆಯದು ಬೆಳೆಯದಿರಲೆಂದು ಇಟ್ಟದ್ದು. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಕಾರ್ಡುದಾರನ ಸಮ್ಮತಿಯಿಲ್ಲದೆ ಮಿತಿಯನ್ನು ಏರಿಸುವಂತಿಲ್ಲ. ಸಮ್ಮತಿ ಕೇಳಿದಾಗ “ಬೇಡ” ಎನ್ನುವುದಕ್ಕೂ ಒಂದು ವ್ರತಬಲ ಬೇಕು.

ನಾಲ್ಕನೆಯದು ದಿಗ್ವ್ರತದ ಅತಿಚಾರಗಳು. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಮರ್ಯಾದೆಯನ್ನು ದಾಟುವುದು ಮೂರು; ಕ್ಷೇತ್ರವೃದ್ಧಿ ನಾಲ್ಕು; ಮರ್ಯಾದೆಯನ್ನು ಮರೆತುಬಿಡುವುದು ಐದು. ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದೇ ಕ್ಷೇತ್ರವೃದ್ಧಿ. “ಪಶ್ಚಿಮದಲ್ಲಿ ಸ್ವಲ್ಪ ಕಡಿಮೆ ಮಾಡಿಕೊಂಡು ಪೂರ್ವದಲ್ಲಿ ಸಿಂಗಾಪುರದವರೆಗೆ ಹೆಚ್ಚಿಸಿಕೊಳ್ಳಬಹುದಲ್ಲ” ಎಂಬ ವ್ಯಾಪಾರ ಅಲ್ಲಿ ಸಲ್ಲದು.

ಇನ್ನು ಭೋಜನದ ಮಾತು. ಕಾರ್ಡಿನ ಬಲದಿಂದ ದೇವನಹಳ್ಳಿಯ ವಿಮಾನ ನಿಲ್ದಾಣದ ವಿಶ್ರಾಂತಿಗೃಹದಲ್ಲಿ ಹೆಸರಿಗೆ ಒಂದೆರಡು ರೂಪಾಯಿಗೆ ಊಟ ದೊರೆಯುತ್ತದೆಂದು ರಾತ್ರಿ ಹನ್ನೊಂದು ಗಂಟೆಗೆ ತಟ್ಟೆ ಹಿಡಿದವರುಂಟು. ಮನೆಯಲ್ಲಿ ರಾತ್ರಿಭೋಜನತ್ಯಾಗಿಯಾದವನು ಅಲ್ಲಿ ತ್ಯಾಗವನ್ನು ಬಿಟ್ಟದ್ದು ಹಸಿವಿನಿಂದಲ್ಲ, ಅಗ್ಗದಿಂದ. ವಿಮಾನಗಳಲ್ಲಿ ಮೊದಲೇ ತಿಳಿಸಿದರೆ ಕಂದಮೂಲವಿಲ್ಲದ ಜೈನಭೋಜನವನ್ನು ಕೊಡುತ್ತಾರೆ. ಆದರೆ ಅದನ್ನು ಯಾವ ಹೊತ್ತಿಗೆ ಉಣ್ಣಬೇಕೆಂಬುದನ್ನು ವಿಮಾನದವರು ನಿರ್ಣಯಿಸಲಾರರು.

ಅನಿತ್ಯತೆಗೆ ಸಮೀಪದ ನಿದರ್ಶನ

ಬೆಂಗಳೂರಿನದೇ ಆದ ಕಿಂಗ್‌ಫಿಷರ್ ವಿಮಾನ ಸಂಸ್ಥೆ 2005ರ ಮೇ ತಿಂಗಳಲ್ಲಿ ಹಾರಾಟವನ್ನು ಆರಂಭಿಸಿತು. 2008ರ ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್ನಿಗೆ ಅದರ ಮೊದಲ ವಿದೇಶಯಾನ ಹೊರಟಿತು. ಕಿಂಗ್ ಕ್ಲಬ್ ಎಂಬ ಯೋಜನೆಯಲ್ಲಿ ಪ್ರಯಾಣಿಕರು ಮೈಲುಗಳನ್ನು ಕೂಡಿಡುತ್ತಿದ್ದರು. ಅದಕ್ಕೆ ಹೊಂದಿಕೊಂಡ ಕಾರ್ಡೂ ಇತ್ತು. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತು ಪರವಾನಗಿಯೂ ಅಮಾನತಾಯಿತು. ಮೈಲುಗಳು ಲೆಕ್ಕದಲ್ಲಿದ್ದವು, ಹಾರಲು ವಿಮಾನವಿರಲಿಲ್ಲ. ವಿಸ್ತಾರ ಎಂಬ ಮತ್ತೊಂದು ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಅದರ ಪಾಯಿಂಟುಗಳು ಹೊಸ ಹೆಸರಿನ ಲೆಕ್ಕಕ್ಕೆ ಸೇರಿದವು. ಉಳಿದವುಗಳ ಬೆಲೆಯನ್ನು ಬ್ಯಾಂಕುಗಳೂ ವಿಮಾನ ಸಂಸ್ಥೆಗಳೂ ಆಗಾಗ ಇಳಿಸುತ್ತಲೇ ಇರುತ್ತವೆ. ನಾಲ್ಕು ವರ್ಷ ಕೂಡಿಟ್ಟದ್ದು ಒಂದು ಪ್ರಕಟಣೆಯಿಂದ ಅರ್ಧವಾದರೆ ದುಃಖಿಸುವ ಮನಸ್ಸಿಗೆ ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯೇ ಔಷಧ. ಪಾಯಿಂಟಿಗೆ ಅವಧಿಯ ದಿನಾಂಕವನ್ನು ಮುದ್ರಿಸಿ ತಿಳಿಸುತ್ತಾರೆ. ಆಯುಷ್ಯಕ್ಕೆ ಆ ದಿನಾಂಕವನ್ನು ಯಾರೂ ತಿಳಿಸುವುದಿಲ್ಲ.

ಗೃಹಸ್ಥರು ಇಟ್ಟುಕೊಳ್ಳಬಹುದಾದ ನಿಯಮಗಳು

ಜೀವಾವಧಿಗೆ ಇಟ್ಟುಕೊಳ್ಳುವುದು ಯಮ. ಕಾಲಾವಧಿಗೆ ಇಟ್ಟುಕೊಳ್ಳುವುದು ನಿಯಮ. ಯಮಕ್ಕೆ ಶಕ್ತಿಯಿಲ್ಲದವರು ಒಂದು ಚಾತುರ್ಮಾಸದ ಅವಧಿಗಾದರೂ ಈ ನಿಯಮಗಳನ್ನು ಸ್ವೀಕರಿಸಬಹುದು.

ಒಂದು: ಕಾರ್ಡನ್ನು ಇಟ್ಟುಕೊಂಡವರು ಬಿಲ್ಲಿನ ಪೂರ್ಣ ಮೊತ್ತವನ್ನು ಪ್ರತಿ ತಿಂಗಳೂ ತೀರಿಸತಕ್ಕದ್ದು, ತೀರಿಸಲಾಗದವರು ಕಾರ್ಡನ್ನೇ ತ್ಯಜಿಸತಕ್ಕದ್ದು.

ಎರಡು: ಕೊಳ್ಳುವ ಮೊದಲು “ಪಾಯಿಂಟು ಇಲ್ಲದಿದ್ದರೂ ಇದನ್ನು ಕೊಳ್ಳುತ್ತಿದ್ದೆನೇ?” ಎಂದು ಮನಸ್ಸನ್ನು ಕೇಳತಕ್ಕದ್ದು. ಇಲ್ಲವೆಂದು ಉತ್ತರ ಬಂದರೆ ಕೊಳ್ಳದಿರುವುದೇ ಆ ದಿನದ ತಪಸ್ಸು.

ಮೂರು: ನಡೆಯದ ವ್ಯವಹಾರಕ್ಕೆ ಬಿಲ್ಲನ್ನು ಬರೆಯಬಾರದು, ಬರೆಸಬಾರದು, ಬರೆದವರನ್ನು ಜಾಣರೆಂದು ಅನುಮೋದಿಸಲೂಬಾರದು. ಕೃತ, ಕಾರಿತ, ಅನುಮೋದನೆಗಳು ಮೂರೂ ಬಂಧಕ್ಕೆ ಕಾರಣ.

ನಾಲ್ಕು: ಅಷ್ಟಮಿ, ಚತುರ್ದಶಿ ಮತ್ತು ಪರ್ವದಿನಗಳಲ್ಲಿ ವಿಹಾರಯಾತ್ರೆಯನ್ನು ಇಟ್ಟುಕೊಳ್ಳಬಾರದು, ಟಿಕೇಟು ಎಷ್ಟೇ ಅಗ್ಗವಾದರೂ ಸರಿ.

ಐದು: ದಿಗ್ವ್ರತವಿಲ್ಲದವರು ವಿದೇಶಕ್ಕೆ ಹೊರಡುವ ಮೊದಲೇ ಮರ್ಯಾದೆಯನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಹೋಗಿಬಂದ ಮೇಲೆ ನಿಶ್ಚಯಿಸುವವನ ಮರ್ಯಾದೆ ಪ್ರತಿ ವರ್ಷವೂ ಒಂದು ದೇಶದಷ್ಟು ಹಿಗ್ಗುತ್ತದೆ.

ಆರು: ನ್ಯಾಯವಾಗಿ ಬಂದ ಕೊಸರಿನಲ್ಲಿ ಒಂದು ಭಾಗವನ್ನು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಕ್ಕೆ ತೆಗೆದಿಡತಕ್ಕದ್ದು.

ಈ ಮಾತುಗಳಿಂದ ಮಕ್ಕಳ ಮೇಲೆ ಮುನಿಯಬೇಕೆಂದಾಗಲಿ, ಹೊರನಾಡನ್ನು ನೋಡುವ ಆಸೆಯಿರುವ ಗೃಹಿಣಿಯನ್ನು ತಡೆಯಬೇಕೆಂದಾಗಲಿ ಯಾರೂ ಅರ್ಥಮಾಡಬಾರದು. ಲೋಭದ ಅಭಾವವೇ ಉತ್ತಮ ಶೌಚ. ಕೊಟ್ಟ ಕೊಸರನ್ನು ಶಾಂತಮನಸ್ಸಿನಿಂದ ಸ್ವೀಕರಿಸುವವನಲ್ಲಿ ಶೌಚಕ್ಕೆ ಭಂಗವಿಲ್ಲ. ಕೊಸರಿಗಾಗಿ ತಕ್ಕಡಿಯನ್ನೇ ಓರೆಮಾಡುವವನಲ್ಲಿ ಅದು ಉಳಿಯುವುದಿಲ್ಲ. ಶ್ರಾವಕ ಬಂಧುಗಳೂ ಶ್ರಾವಿಕೆಯರೂ ಬರುವ ಪರ್ವದೊಳಗಾಗಿ ತಮ್ಮ ತಮ್ಮ ಹತ್ತು ದಿಕ್ಕುಗಳ ಮರ್ಯಾದೆಯನ್ನು ಒಂದು ಕಾಗದದಲ್ಲಿ ಬರೆದು, ಜಿನಬಿಂಬದ ಮುಂದೆ ಓದಿ, ಮನೆಯವರೆಲ್ಲರಿಗೂ ತಿಳಿಸಲಿ. ಮನೆಯವರಿಗೆ ತಿಳಿದಿರುವ ವ್ರತವನ್ನು ಮನೆಯವರೇ ಕಾಯುತ್ತಾರೆ.

ಸರ್ವರಿಗೂ ಮಂಗಳವಾಗಲಿ.